ಯಾರೂ ಹೋಗದ ಜಾಗಕ್ಕೆ ಕ್ಯೂ

ಅಮೆರಿಕಾದಲ್ಲಿ ರಿಟೈರ್ ಆದವರಿಗೆ ಮಂಡಿನೋವಿಗೂ ಮುಂಚೆ ಬರುವ ಕಾಯಿಲೆಯ ಹೆಸರು ಮೋಟರ್‌ಹೋಮ್. 30 ವರ್ಷ ಮನೆ ಸಾಲ ಕಟ್ಟುತ್ತಾರೆ. ಸಾಲ ತೀರುತ್ತದೆ. ಇನ್ನಾದರೂ ಕಾಲು ಚಾಚಿ ಕೂರುತ್ತಾರೆ ಅನ್ನುವಷ್ಟರಲ್ಲಿ ಮನೆಗೆ ಬೀಗ ಹಾಕಿ, ಚಕ್ರ ಇರುವ ಇನ್ನೊಂದು ಮನೆ ಕೊಂಡು, ಅದಕ್ಕೆ ಇನ್ನೊಂದು ಸಾಲ ಮಾಡಿ ರಸ್ತೆಗೆ ಇಳಿಯುತ್ತಾರೆ. ಇದು ಬಿಳಿಯರ ಹುಚ್ಚು ಅಂತ ನಾವು ನಗುತ್ತಿದ್ದೆವು. ಈಗ ನಮ್ಮವರಿಗೂ ಹಿಡಿದಿದೆ. 8 ಡಾಲರ್ ಜೇಬಲ್ಲಿಟ್ಟುಕೊಂಡು ಈ ದೇಶಕ್ಕೆ ಬಂದೆ ಅಂತ ಪ್ರತಿ ಯುಗಾದಿ ಊಟದಲ್ಲೂ ಹೇಳುವ ಹಿರಿಯರು, ಆ ಕಥೆ ಕೇಳಿ ಕೇಳಿ ಸುಸ್ತಾದ ಮಕ್ಕಳನ್ನು ಬಿಟ್ಟು, 35 ಅಡಿ ಉದ್ದದ ಗಾಡಿಯಲ್ಲಿ ಹೊಸ ಕಿವಿಗಳನ್ನು ಹುಡುಕಿಕೊಂಡು ಹೊರಟಿದ್ದಾರೆ.

ಸುಮ್ನೆ ಗಾಡಿ ಅಂದುಕೊಳ್ಳಬೇಡಿ. ಒಳಗೆ ಸೋಫಾ, ಮಂಚ, ಫ್ರಿಜ್ಜು, ಶವರ್ರು. ಬಟನ್ ಒತ್ತಿದರೆ ಗೋಡೆಯೇ ಹೊರಗೆ ಸರಿದು ಹಾಲ್ ದೊಡ್ಡದಾಗುತ್ತದೆ. ಕೆಲವದರಲ್ಲಿ ಕರೆಂಟಿನ ಬೆಂಕಿಗೂಡು ಕೂಡ ಇದೆ. ಹೊರಗೆ ನಿಜವಾದ ಸೌದೆ ಉರಿಸುವ ಜಾಗ ಇದ್ದರೂ ಒಳಗೆ ಸುಳ್ಳು ಜ್ವಾಲೆ ಕುಣಿಯುತ್ತಿರುತ್ತದೆ. ಹೊರಗೋಡೆಯಲ್ಲಿ ಇನ್ನೊಂದು ಟಿವಿ, ಕಾಡಿನಲ್ಲಿ ಕೂತು ನೋಡೋದಕ್ಕೆ. ಇಷ್ಟು ದೊಡ್ಡ ಗಾಡಿ ಊರೊಳಗಿನ ರಸ್ತೆಯಲ್ಲಿ ತಿರುಗೋದಿಲ್ಲವಲ್ಲ, ಅದಕ್ಕೆ ಹಿಂದೆ ಒಂದು ಕಾರು ಕಟ್ಟಿ ಎಳೆಯುತ್ತಾರೆ. ಅಂದರೆ ಮನೆ ಬಿಟ್ಟು ಹೊರಟವರು ಮನೆ, ಗ್ಯಾರೇಜು ಎರಡನ್ನೂ ಹೊತ್ತುಕೊಂಡೇ ಹೊರಟರು. ಗ್ಯಾಲನ್ನಿಗೆ 8-10 ಮೈಲಿ ಕೊಟ್ಟರೆ ಪುಣ್ಯ. ಇಷ್ಟೆಲ್ಲ ಖರ್ಚು ಮಾಡಿ ರಾತ್ರಿ ಮಲಗೋದು ಎಲ್ಲಿ? ಮ್ಯಾನೇಜರ್ ಒಪ್ಪಿದರೆ ವಾಲ್‌ಮಾರ್ಟ್ ಪಾರ್ಕಿಂಗ್ ಲಾಟಿನಲ್ಲಿ. ಯಾಕಂದ್ರೆ ಅದು ಫ್ರೀ.

ಹೊರಡುವ ಮುಂಚೆ ಎಲ್ಲರೂ ಒಂದು ಶಪಥ ಮಾಡುತ್ತಾರೆ. ನಾವು ಎಲ್ಲರ ಹಾಗೆ ಗ್ರ್ಯಾಂಡ್ ಕ್ಯಾನ್ಯನ್, ನಯಾಗರಾ ಅಂತ ಓಡೋರಲ್ಲ, ನಮ್ದೇನಿದ್ದರೂ ಆಫ್‌ಬೀಟ್, ದಾರಿ ಬದಿಯಲ್ಲಿ ಯಾರ ಕಣ್ಣಿಗೂ ಬೀಳದ ವಿಚಿತ್ರ ಜಾಗಗಳು ಇರ್ತಾವಲ್ಲ, ಅಂಥವು ಮಾತ್ರ. ಆಮೇಲೆ ಯಾರ ಕಣ್ಣಿಗೂ ಬೀಳದ ಆ ಜಾಗಗಳನ್ನು ಫೋನಿನಲ್ಲಿ ಹುಡುಕುತ್ತಾರೆ. ಸ್ಟಾರ್ ಜಾಸ್ತಿ ಇರುವುದನ್ನು ಮೇಲೆ ಬರುವ ಹಾಗೆ ಜೋಡಿಸುತ್ತಾರೆ. ಸಾವಿರಾರು ಜನ ಹೋಗಿ, ಫೋಟೊ ಹಾಕಿ, ಟಾಯ್ಲೆಟ್ ಚೆನ್ನಾಗಿದೆ ಅಂತ ಬರೆದಿರುವ ಜಾಗವನ್ನೇ ಆರಿಸುತ್ತಾರೆ. ಅಲ್ಲಿಗೆ ಹೋದರೆ ಇವರ ಗಾಡಿಯಂಥದೇ ಗಾಡಿಗಳು ಸಾಲಾಗಿ ನಿಂತಿವೆ, ಎಲ್ಲದರಿಂದಲೂ ಶಪಥ ಮಾಡಿದ ದಂಪತಿಗಳು ಇಳಿಯುತ್ತಿದ್ದಾರೆ. ಮೋಟರ್‌ಹೋಮ್ ಪಾರ್ಕಿಂಗ್ ಈ ಕಡೆ ಅಂತ ಬಾಣದ ಗುರುತಿನ ಬೋರ್ಡ್ ಇದ್ದರೆ ಆ ಜಾಗ ಎಷ್ಟು ಆಫ್‌ಬೀಟ್ ಅಂತ ನೀವೇ ಯೋಚಿಸಿ.

ಸೌತ್ ಡಕೋಟಾದ ವಾಲ್ ಎಂಬ ಊರನ್ನೇ ತಗೊಳ್ಳಿ. ಸಾವಿರ ಜನವೂ ಇಲ್ಲದ ಊರು. 1931ರಲ್ಲಿ ಟೆಡ್ ಹಸ್ಟೆಡ್ ಅನ್ನುವವರು ಅಲ್ಲಿ ಒಂದು ಔಷಧಿ ಅಂಗಡಿ ಕೊಂಡರು. ಗಿರಾಕಿಗಳೇ ಇಲ್ಲ. 1936ರ ಬೇಸಿಗೆಯಲ್ಲಿ ಅವರ ಹೆಂಡತಿ ಡೊರೊತಿ ಒಂದು ಉಪಾಯ ಹೇಳಿದರು: ಬಿಸಿಲಲ್ಲಿ ಹೋಗುವವರಿಗೆ ಐಸ್ ನೀರು ಪುಕ್ಕಟೆ ಅಂತ ರಸ್ತೆ ಬದಿಯಲ್ಲಿ ಬೋರ್ಡ್ ಹಾಕೋಣ. ಹಾಕಿದರು. ಜನ ನೀರಿಗೆ ಬಂದರು, ನೀರು ಕುಡಿದ ಮೇಲೆ ಸುಮ್ನೆ ಹೋಗೋದು ಹೇಗೆ ಅಂತ ಏನಾದರೂ ಕೊಂಡರು. ಇವತ್ತು ಆ ಅಂಗಡಿಯ ಬೋರ್ಡುಗಳು ನೂರಾರು ಮೈಲಿ ಮುಂಚೆಯೇ ಶುರುವಾಗುತ್ತವೆ. ಹೆದ್ದಾರಿ ಪಕ್ಕ 80 ಅಡಿಯ ಡೈನೋಸಾರ್ ನಿಂತಿದೆ. ನೀರು ಈಗಲೂ ಫ್ರೀ, ಕಾಫಿ ಈಗಲೂ 5 ಸೆಂಟು. ಅದನ್ನು ಕಾಫಿ ಅಂತ ಕರೆಯಬಹುದೋ ಇಲ್ಲವೋ ಅನ್ನುವುದು ಚಿಕ್ಕಮಗಳೂರಿನವರಿಗೆ ಬಿಟ್ಟಿದ್ದು. ಅಷ್ಟು ಬೋರ್ಡು ದಾಟಿ ಬಂದವರು ಹೆಮ್ಮೆಯಿಂದ ಫೋನ್ ಮಾಡಿ ಹೇಳುತ್ತಾರೆ: "ದಾರೀಲಿ ಅಚಾನಕ್ಕಾಗಿ ಒಂದು ಜಾಗ ಸಿಕ್ತು ಕಣಯ್ಯಾ."

ಸಿಕ್ಕಿದ್ದು ಜಾಗ ಅಲ್ಲ ಸ್ವಾಮಿ, ನೀವು.

ಇದಕ್ಕೆ ಕಾರಣ ಇದೆ. ಇಲ್ಲಿ 1956ರ ಕಾನೂನಿನ ಮೇಲೆ ಇಂಟರ್‌ಸ್ಟೇಟ್ ಹೆದ್ದಾರಿಗಳು ಬಂದವು. ಮೊದಲು ಊರಿನ ಮುಖ್ಯ ಬೀದಿಯಲ್ಲೇ ಹಾದು ಹೋಗುತ್ತಿದ್ದ ಕಾರುಗಳು ಊರನ್ನು ಪಕ್ಕಕ್ಕೆ ಬಿಟ್ಟು 70 ಮೈಲಿ ವೇಗದಲ್ಲಿ ಓಡತೊಡಗಿದವು. ಹೋಟೆಲಿನವರು, ಪೆಟ್ರೋಲ್ ಬಂಕಿನವರು ಏನು ಮಾಡಬೇಕು? ನೋಡೋದಕ್ಕೆ ಏನೂ ಇಲ್ಲದ ಊರುಗಳು ನೋಡಲೇಬೇಕಾದ ಒಂದು ವಸ್ತುವನ್ನು ಎಬ್ಬಿಸಿ ನಿಲ್ಲಿಸಿದವು. ಮಿನೆಸೋಟಾದ ಬ್ಲೂ ಅರ್ಥ್ ಊರಿನವರು 1979ರಲ್ಲಿ, ಡಬ್ಬಿ ಬಟಾಣಿ ಮಾರುವ ಗ್ರೀನ್ ಜಯಂಟ್ ಬ್ರ್ಯಾಂಡಿನ ಹಸಿರು ದೈತ್ಯನನ್ನು 55 ಅಡಿ ಎತ್ತರಕ್ಕೆ ನಿಲ್ಲಿಸಿದರು. ಸೊಂಟದ ಮೇಲೆ ಕೈಯಿಟ್ಟು, ಎಲೆ ಸುತ್ತಿಕೊಂಡು ನಗುತ್ತಿದ್ದಾನೆ. ಶ್ರವಣಬೆಳಗೊಳದ ಗೊಮ್ಮಟ 57-58 ಅಡಿ, ಹತ್ತಿರಹತ್ತಿರ ಅಷ್ಟೇ. ನಮ್ಮವನು ಎಲ್ಲ ಬಿಟ್ಟು ನಿಂತ, ಇವನು ಬಟಾಣಿ ಮಾರಲು ನಿಂತ.

ಅದೇ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋದರೆ ಮಿಚೆಲ್ ಅನ್ನುವ ಊರಲ್ಲಿ ಮೆಕ್ಕೆಜೋಳದ ಅರಮನೆ ಇದೆ. ಮೊದಲು ಕಟ್ಟಿದ್ದು 1892ರಲ್ಲಿ, ಈಗಿನ ಕಟ್ಟಡ 1921ರದ್ದು. ಗೋಡೆಯ ಮೇಲೆ ಬೇರೆ ಬೇರೆ ಬಣ್ಣದ ಜೋಳದ ತೆನೆಗಳನ್ನು ಸೀಳಿ ಮೊಳೆ ಹೊಡೆದು ದೊಡ್ಡ ದೊಡ್ಡ ಚಿತ್ರ ಮಾಡುತ್ತಾರೆ. ಹಕ್ಕಿಗಳು ತಿನ್ನುತ್ತವೆ. ಮತ್ತೆ ಹೊಸ ತೆನೆ ಹೊಡೆಯುತ್ತಾರೆ. ಅರಮನೆ ಅಂದ ಮೇಲೆ ಒಳಗೆ ಸಿಂಹಾಸನ ಇರಬೇಕು ಅಂತ ಮೈಸೂರಿನವರು ಹುಡುಕಿದರೆ ಅಲ್ಲಿರೋದು ಬಾಸ್ಕೆಟ್‌ಬಾಲ್ ಕೋರ್ಟು.

ಆದರೆ ನನ್ನ ಪ್ರಕಾರ ಇವೆಲ್ಲಕ್ಕೂ ದೊಡ್ಡ ತಮಾಷೆ ಹುರಿ ಉಂಡೆಯದು. ಹುಲ್ಲಿನ ಹೊರೆ ಬಿಗಿಯುವ ಹುರಿ ಇದೆಯಲ್ಲ, ಅದನ್ನು ಸುತ್ತಿ ಸುತ್ತಿ ಮಾಡಿದ ಉಂಡೆ. ಮಿನೆಸೋಟಾದ ಡಾರ್ವಿನ್ ಊರಿನಲ್ಲಿ ಫ್ರಾನ್ಸಿಸ್ ಜಾನ್ಸನ್ ಎಂಬವರು 1950ರಲ್ಲಿ ಸುತ್ತೋಕೆ ಶುರು ಮಾಡಿ 29 ವರ್ಷ ಸುತ್ತಿದರು. 12 ಅಡಿ ಅಗಲ, 17,400 ಪೌಂಡ್ ತೂಕ. ಯಾಕೆ ಅಂತ ಮಾತ್ರ ಕೇಳಬೇಡಿ. ಇತ್ತ ಕ್ಯಾನ್ಸಸ್‌ನ ಕಾಕರ್ ಸಿಟಿಯಲ್ಲಿ ಫ್ರ್ಯಾಂಕ್ ಸ್ಟೋಬರ್ ಎಂಬ ರೈತ 1953ರಲ್ಲಿ ಇನ್ನೊಂದು ಉಂಡೆ ಶುರು ಮಾಡಿದರು. 1974ರಲ್ಲಿ ಅವರು ತೀರಿಕೊಂಡರು. ಅಲ್ಲಿಗೆ ಮುಗಿಯಬೇಕಿತ್ತಲ್ವಾ? ಊರಿನವರು ಬಿಡಲಿಲ್ಲ. ಪ್ರತಿ ಆಗಸ್ಟ್‌ನಲ್ಲಿ ಉತ್ಸವ ಮಾಡಿ ಊರೆಲ್ಲ ಸೇರಿ ಸುತ್ತುತ್ತಾರೆ, ದಾರಿಹೋಕರ ಕೈಗೂ ಹುರಿ ಕೊಟ್ಟು ಸುತ್ತಿಸುತ್ತಾರೆ. ಆದ್ದರಿಂದ ಪ್ರಪಂಚದಲ್ಲೇ ದೊಡ್ಡ ಉಂಡೆ ತಮ್ಮದು ಅನ್ನುತ್ತಾರೆ. ಡಾರ್ವಿನ್‌ನವರು ಅದು ಹೇಗೆ ಆಗುತ್ತೆ, ನಮ್ಮದು ಒಬ್ಬನೇ ಸುತ್ತಿದ ಉಂಡೆಗಳಲ್ಲಿ ದೊಡ್ಡದು ಅನ್ನುತ್ತಾರೆ. ಮಿಸ್ಸೌರಿಯ ಬ್ರ್ಯಾನ್ಸನ್‌ನಲ್ಲಿ ನೈಲಾನ್ ಉಂಡೆಯೊಂದಿದೆ, ಗಿನ್ನೆಸ್‌ನವರ ಸರ್ಟಿಫಿಕೇಟ್ ಅದಕ್ಕೆ ಸಿಕ್ಕಿತ್ತು. ನೈಲಾನ್ ಹುರಿಯೇ ಅಲ್ಲ ಅಂತ ಉಳಿದವರ ತಕರಾರು. ವಿಸ್ಕಾನ್ಸಿನ್‌ನಲ್ಲಿ ಮತ್ತೊಂದು, ಅದು ಅತಿ ಭಾರದ್ದಂತೆ. ಹೀಗೆ ಪ್ರತಿಯೊಬ್ಬರಿಗೂ ಮೊದಲನೇ ಬಹುಮಾನ. ನಾಲ್ಕು ಉಂಡೆಗೂ ಮೋಟರ್‌ಹೋಮಿನವರು ಹೋಗುತ್ತಾರೆ, ಯಾಕಂದ್ರೆ ಮೂರು ನೋಡಿ ಒಂದು ಬಿಟ್ಟರೆ ಮನಸ್ಸಿಗೆ ಸಮಾಧಾನ ಇಲ್ಲ.

ಇಲಿನಾಯ್‌ನ ಕೇಸಿ ಅನ್ನುವ ಪುಟ್ಟ ಊರು ಈ ಜಗಳಕ್ಕೇ ಬರಲಿಲ್ಲ. ಒಂದೇ ವಸ್ತುವಿಗೆ ಯಾಕೆ ಹೊಡೆದಾಡಬೇಕು ಅಂತ ಅವರು ಸಿಕ್ಕಿದ್ದನ್ನೆಲ್ಲ ದೊಡ್ಡದು ಮಾಡಿದರು. 2011ರಲ್ಲಿ ಊರಿನ ಉದ್ಯಮಿಯೊಬ್ಬರು 55 ಅಡಿ ಎತ್ತರದ ಗಾಳಿಗಂಟೆ ಕಟ್ಟಿದರು. ಆಮೇಲೆ ತೂಗುಕುರ್ಚಿ, ಅಂಚೆ ಡಬ್ಬಿ, ಮರದ ಬೂಟು, ಹುಲ್ಲು ಎತ್ತುವ ಕವೆಗೋಲು. ಅಂಚೆ ಡಬ್ಬಿಯಲ್ಲಿ ನಿಜವಾಗಿಯೂ ಕಾಗದ ಹಾಕಬಹುದು. ಕುರ್ಚಿಯಲ್ಲಿ ಮಾತ್ರ ಕೂರೋದಕ್ಕೆ ಆಗಲ್ಲ. ರಿಟೈರ್ ಆದವರಿಗೆ ತೋರಿಸೋದಕ್ಕೆ ಇದಕ್ಕಿಂತ ಕ್ರೂರವಾದ ವಸ್ತು ಇನ್ನೊಂದಿದೆಯಾ?

ಕಾರುಗಳ ಕಥೆ ಇನ್ನೂ ಮಜಾ. ಟೆಕ್ಸಾಸ್‌ನ ಅಮರಿಲ್ಲೋ ಹತ್ತಿರ 1974ರಲ್ಲಿ ಕೆಲವು ಕಲಾವಿದರು ಒಬ್ಬ ಕೋಟ್ಯಧೀಶನ ದುಡ್ಡಿನಲ್ಲಿ 10 ಕ್ಯಾಡಿಲಾಕ್ ಕಾರುಗಳನ್ನು ಮೂತಿ ಕೆಳಗೆ ಮಾಡಿ ಅರ್ಧ ಹೂತಿಟ್ಟರು. ಊರು ಬೆಳೆದು ಹತ್ತಿರ ಬಂತು ಅಂತ 1997ರಲ್ಲಿ ಅಷ್ಟನ್ನೂ ಅಗೆದು ತೆಗೆದು ಇನ್ನೂ ದೂರ ಹೋಗಿ ಮತ್ತೆ ಹೂತರು. ಅಲ್ಲಿ ಯಾರು ಬೇಕಾದರೂ ಸ್ಪ್ರೇ ಪೇಂಟ್ ತಂದು ಹೆಸರು ಬರೆಯಬಹುದು. ಹಂಪಿಯಲ್ಲಿ ಬರೆದರೆ ಕೇಸು, ಇಲ್ಲಿ ಬರೆದರೆ ಕಲೆ. ನೆಬ್ರಾಸ್ಕಾದ ಅಲಯನ್ಸ್‌ನಲ್ಲಿ ಒಬ್ಬರು 1987ರಲ್ಲಿ ತಮ್ಮ ತಂದೆಯ ನೆನಪಿಗೆ ಅಂತ ಹಳೇ ಕಾರುಗಳಿಂದ ಇಂಗ್ಲೆಂಡಿನ ಸ್ಟೋನ್‌ಹೆಂಜ್, ಅಂದರೆ ಸುತ್ತಲೂ ನಿಲ್ಲಿಸಿದ ಪುರಾತನ ಕಲ್ಲುಗಳ ನಕಲು ಕಟ್ಟಿದರು. ಕಲ್ಲಿನ ಹಾಗೆ ಕಾಣಲಿ ಅಂತ ಬೂದು ಬಣ್ಣ ಬಳಿದರು. ಊರಿನ ದೊಡ್ಡವರಿಗೆ ಸಿಟ್ಟು ಬಂತು, ಕೆಡವಿ ಅಂದರು. ಅಷ್ಟರಲ್ಲಿ ನೋಡೋಕೆ ಜನ ಬರತೊಡಗಿದರು. ಜನರ ಹಿಂದೆ ದುಡ್ಡು ಬಂತು. ಗುಜರಿ ಅಂದವರೇ ಈಗ ನಮ್ಮೂರ ಹೆಮ್ಮೆ ಅನ್ನುತ್ತಾರೆ. ಮಗ ಸಾಫ್ಟ್‌ವೇರ್ ಬಿಟ್ಟು ಸಿನಿಮಾಗೆ ಹೋದಾಗ ನಮ್ಮವರು ಮಾಡುವುದೂ ಹೀಗೇ, ಮೊದಲ ಸಿನಿಮಾ ಓಡುವ ತನಕ.

ಈ ಯಾತ್ರೆಯ ನಡುವೆ ಸಂಸಾರವೂ ನಡೆಯಬೇಕಲ್ಲ. 30 ಆಂಪ್ ಕರೆಂಟಿನ ಮೇಲೆ ಏಸಿ ಓಡುತ್ತಿರುತ್ತದೆ, ಮೈಕ್ರೋವೇವ್ ತಿರುಗುತ್ತಿರುತ್ತದೆ, ಆಗ ಚಟ್ನಿಗೆ ಅಂತ ಮಿಕ್ಸಿ ಹಾಕಿದರೆ ಇಡೀ ಮನೆ ಕತ್ತಲೆ. ಯಜಮಾನರು ಬ್ರೇಕರ್ ಹುಡುಕುತ್ತಾರೆ. ಆಮೇಲೆ ಟ್ಯಾಂಕಿನ ವಿಷಯ. ಇಷ್ಟು ದಿನ ಗಾಡಿಯ ಹೊಟ್ಟೆಯಲ್ಲಿ ಸೇರಿದ್ದನ್ನು ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡಬೇಕು, ಅದೂ ನಾವೇ. ಊರಲ್ಲಿದ್ದಾಗ ಉಂಡ ತಟ್ಟೆ ಎತ್ತದವರು, ಇಲ್ಲಿ ದೊಡ್ಡ ಹುದ್ದೆಯಲ್ಲಿ ಮೀಟಿಂಗ್ ನಡೆಸಿದವರು, ಗ್ಲೌಸ್ ಹಾಕಿ, ಬಗ್ಗಿ, ದಪ್ಪ ಪೈಪು ಜೋಡಿಸಿ, ವಾಲ್ವ್ ಎಳೆದು, ಮುಖ ಆಚೆ ತಿರುಗಿಸಿ ನಿಂತಿರುವ ದೃಶ್ಯ ಯಾವ ಪಟ್ಟಿಯಲ್ಲೂ ಇಲ್ಲ. ಇರಬೇಕಿತ್ತು. ನನ್ನ ಕೇಳಿದರೆ ಇಡೀ ಪ್ರವಾಸದಲ್ಲಿ ನಿಜವಾಗಿ ಆಫ್‌ಬೀಟ್ ಅದೊಂದೇ.

ಇನ್ನೊಂದು ವಿಷಯ. ಕೆಲಸ ಬಿಟ್ಟಿದ್ದಾರೆ, ಕೈ ತುಂಬ ಸಮಯ ಇದೆ, ಆದರೂ ಯಾರೂ ಎಲ್ಲೂ ಕೂರೋದಿಲ್ಲ. ಎಕ್ಸೆಲ್ ಶೀಟ್ ಇದೆ. ಉಂಡೆಗೆ ಅಷ್ಟು ನಿಮಿಷ, ದೈತ್ಯನಿಗೆ ಇಷ್ಟು ನಿಮಿಷ, ಆದದ್ದಕ್ಕೆ ಹಸಿರು ಬಣ್ಣ, ಬಿಟ್ಟದ್ದಕ್ಕೆ ಕೆಂಪು. ಸಂಜೆ ಕ್ಯಾಂಪಿನಲ್ಲಿ ಪಕ್ಕದ ಗಾಡಿಯವರೊಡನೆ ಲೆಕ್ಕ ಒಪ್ಪಿಸುತ್ತಾರೆ. ಅವರು ಒಂದು ಜಾಸ್ತಿ ನೋಡಿದ್ದರೆ ರಾತ್ರಿ ನಿದ್ದೆ ಇಲ್ಲ. ಪಾಪ, ಬಾಸ್ ಇಲ್ಲದೆ ಅಭ್ಯಾಸ ಇಲ್ಲ. ಹಾಗಾಗಿ ತಮಗೆ ತಾವೇ ಬಾಸ್ ಆಗಿ ಹೆಂಡತಿಯನ್ನು ಟೀಮ್ ಮಾಡಿಕೊಂಡಿದ್ದಾರೆ. ಟೀಮ್ ಮಾತ್ರ ಸದ್ಯದಲ್ಲೇ ರಾಜೀನಾಮೆ ಕೊಡುವ ಹಾಗಿದೆ.

ಚಳಿಗಾಲಕ್ಕೆ ಇವರೆಲ್ಲ ಅರಿಜೋನಾದ ಕ್ವಾರ್ಟ್ಸೈಟ್ ಮರುಭೂಮಿಗೆ ಬರುತ್ತಾರೆ. ಕೆಲವೇ ಸಾವಿರ ಜನರ ಊರು, ಜನವರಿಯಲ್ಲಿ ಕಣ್ಣು ಹಾಯಿಸಿದಷ್ಟು ದೂರಕ್ಕೂ ಗಾಡಿಗಳು. ಏಕಾಂತ ಬೇಕು ಅಂತ ಬಂದವರ ಜಾತ್ರೆ. ಆ ಊರಿನ ಸ್ಮಶಾನದಲ್ಲಿ ಒಂದು ಪಿರಮಿಡ್ಡು, ತುದಿಯಲ್ಲಿ ತಾಮ್ರದ ಒಂಟೆ. ಅಮೆರಿಕಾದ ಸೈನ್ಯ 1850ರ ದಶಕದಲ್ಲಿ ಮರುಭೂಮಿಯಲ್ಲಿ ಸಾಮಾನು ಹೊರಿಸೋಣ ಅಂತ ಒಂಟೆಗಳನ್ನು ತರಿಸಿತ್ತು. ಅವನ್ನು ಸಾಕೋದಕ್ಕೆ ಅಂತ ಬಂದವರು ಹಾಜಿ ಅಲಿ. ಅಂತರ್ಯುದ್ಧ ಶುರುವಾಯಿತು, ಒಂಟೆ ಯಾರಿಗೂ ಬೇಡವಾಯಿತು. ಬೇರೆ ದೇಶದಿಂದ ಒಂದು ಪ್ರಾಜೆಕ್ಟಿಗೆ ಅಂತ ಕರೆಸಿ, ಆಮೇಲೆ ಪ್ರಾಜೆಕ್ಟನ್ನೇ ರದ್ದು ಮಾಡಿದರೆ ಹೇಗಿರುತ್ತೆ ಅಂತ ಎಚ್1ಬಿ ವೀಸಾದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅವರು 1902ರಲ್ಲಿ ತೀರಿಕೊಂಡರು, 1935ರಲ್ಲಿ ಹೆದ್ದಾರಿ ಇಲಾಖೆಯವರು ಪಿರಮಿಡ್ ಕಟ್ಟಿಸಿದರು. ಈ ದಾರಿಬದಿಯ ಸಂತೆಯಲ್ಲಿ ನನಗೆ ನಿಜವಾಗಿ ನೋಡಬೇಕು ಅನ್ನಿಸುವ ಜಾಗ ಇದು. ಜನ ಐದು ನಿಮಿಷಕ್ಕಿಂತ ಜಾಸ್ತಿ ನಿಲ್ಲೋದಿಲ್ಲ. ಇದು ಪ್ರಪಂಚದಲ್ಲೇ ದೊಡ್ಡದು ಅಂತ ಯಾರೂ ಬೋರ್ಡ್ ಹಾಕಿಲ್ಲವಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ಹಿರಿಯರಲ್ಲಿ ಕೆಲವರಿಗೆ ಹೊಸ ಆಲೋಚನೆ ಹೊಳೆದಿದೆ: ಅಮೆರಿಕಾದ ಹೆದ್ದಾರಿ ಪಕ್ಕ ಕನ್ನಡಿಗರದ್ದೂ ಒಂದು ಇರಬೇಡವೇ? ಪ್ರಪಂಚದ ಅತಿ ದೊಡ್ಡ ಫಿಲ್ಟರ್ ಕಾಫಿ ಲೋಟ-ದಬರಿ ಅಂತ ಒಬ್ಬರು. ಛೆ, ರವೆ ಇಡ್ಲಿ ಅಂತ ಇನ್ನೊಬ್ಬರು. ಮಂಗಳೂರಿನವರು ನೀರುದೋಸೆ ಅಂದರು, ಅದು ನಿಲ್ಲೋದಿಲ್ಲ ಅಂತ ತಳ್ಳಿಹಾಕಿದರು. ಹುಬ್ಬಳ್ಳಿ ಕಡೆಯವರು ಜೋಳದ ರೊಟ್ಟಿ ಅಂದದ್ದನ್ನು ನಡಾವಳಿಯಲ್ಲೇ ಬರೆದುಕೊಳ್ಳಲಿಲ್ಲ. ಇನ್ನು, ವಿಶ್ವ ಕನ್ನಡ ಸಮ್ಮೇಳನವನ್ನೇ ಎರಡೆರಡು ಮಾಡುವವರು ನಾವು, ಒಂದೇ ಲೋಟ ಕಟ್ಟುತ್ತೇವೆಯೇ? ಒಂದು ಟೆಕ್ಸಾಸ್‌ನಲ್ಲಿ, ಒಂದು ನ್ಯೂಜೆರ್ಸಿಯಲ್ಲಿ. ಒಂದು ಸ್ಟೀಲಿನದು, ಆದ್ದರಿಂದ ಅದೇ ದೊಡ್ಡದು. ಇನ್ನೊಂದು ಹಿತ್ತಾಳೆಯದು, ಆದ್ದರಿಂದ ಅದೇ ನಿಜವಾದದ್ದು. ಇಂಥ ಲೋಟದ ಪಕ್ಕ ನಿಂತು ಫೋಟೊ ತೆಗೆಸಿಕೊಂಡವರನ್ನು ಅಂಥ ಸಮಿತಿಗೆ ಸೇರಿಸಬಾರದು ಅಂತ ಬೈಲಾ ತಿದ್ದುಪಡಿಯೂ ಬರುತ್ತದೆ. ಎರಡೂ ಕಡೆಯವರು ತಕರಾರಿಲ್ಲದೆ ಒಪ್ಪುವುದು ಒಂದೇ ವಿಷಯಕ್ಕೆ: ಅಡಿಗಲ್ಲು ಹಾಕೋದಕ್ಕೆ ಊರಿಂದ ಮಂತ್ರಿಗಳನ್ನು ಕರೆಸೋಣ, ಬಿಸಿನೆಸ್ ಕ್ಲಾಸಿನಲ್ಲಿ.