ಹಾಡು ಬರುವ ಸುದ್ದಿ ಬರುವ ಸುದ್ದಿ

ಬೆಳಗ್ಗೆ 11:07ಕ್ಕೆ ಸಿನಿಮಾದ ಹೊಸ ಹಾಡು ಬರುತ್ತದೆ ಅಂದುಕೊಂಡಿರಾ? ಪಾಪ. ಬರುವುದು ಪೋಸ್ಟರ್. ಹಾಡಿನ ಪ್ರೋಮೋ ಯಾವತ್ತು ಬರುತ್ತದೆಂದು ತಿಳಿಸುವ ಪೋಸ್ಟರ್. ಆಮೇಲೆ ಬರುವ ಪ್ರೋಮೋದಲ್ಲಿ ಅರ್ಧ ಹೊತ್ತು ಲೋಗೊಗಳ ಮೆರವಣಿಗೆ. ಉಳಿದರ್ಧದಲ್ಲಿ ನಾಯಕ ಕಾಲರ್ ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಪರದೆ ಕಪ್ಪಾಗಿ ಇನ್ನೊಂದು ದಿನಾಂಕ ಬೀಳುತ್ತದೆ. 11 ಗಂಟೆ 7 ನಿಮಿಷವೇ ಯಾಕೆ? ರಾಹುಕಾಲ, ಗುಳಿಕಕಾಲ ಎಲ್ಲ ನೋಡಿಯೇ ಇಟ್ಟಿರುತ್ತಾರೆ. ಮುಹೂರ್ತ ತಪ್ಪಿ 'ತಾಂತ್ರಿಕ ಕಾರಣ'ದಿಂದ ಸಂಜೆಗೆ ಹೋದರೆ ಅದಕ್ಕೂ ಒಂದು ಪೋಸ್ಟರ್ ಇದ್ದೇ ಇದೆ.

ಅಂತೂ ಇಂತೂ ಇಳಿದು ಬರುವುದು 'ಲಿರಿಕಲ್ ವಿಡಿಯೊ', ಹಾಡಿನ ಸಾಲುಗಳನ್ನು ಪರದೆ ಮೇಲೆ ಬರೆದು ತೋರಿಸುವಂಥದ್ದು. ಕಿವಿಗೆ ಕೇಳಿಸಲು ನಮ್ಮಿಂದಾಗಲಿಲ್ಲ, ನೀವೇ ಓದಿಕೊಳ್ಳಿ ಎಂದು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಉದ್ಯಮ ಬೇರೆಲ್ಲಿದೆ! ಓದೋಣವೆಂದರೆ ಎಷ್ಟೋ ಸಲ ಅದು ಇಂಗ್ಲಿಷ್ ಅಕ್ಷರದಲ್ಲಿ. ಹಳ್ಳಿಗೂ ಹಲ್ಲಿಗೂ ಅಲ್ಲಿ ವ್ಯತ್ಯಾಸವಿಲ್ಲ. ನಾಯಕಿ ಯಾವುದನ್ನು ಬಿಟ್ಟು ಬಂದಳೆಂದು ನೀವೇ ಊಹಿಸಬೇಕು.

ಹಾಡಿನ ಮಾತು ಕೇಳಿಸದಿರುವುದರ ಗುಟ್ಟು ಮಾಸ್ಟರಿಂಗ್‌ನಲ್ಲಿದೆ, ಅಂದರೆ ಹಾಡಿನ ಒಟ್ಟು ಸದ್ದನ್ನು ಹದಗೊಳಿಸುವ ಕೊನೆಯ ಹಂತದಲ್ಲಿ. ನಮ್ಮ ಹಾಡು ಪಕ್ಕದವರದ್ದಕ್ಕಿಂತ ಜೋರಾಗಿರಬೇಕೆಂದು ಸದ್ದಿನ ತುದಿಗಳನ್ನು ಅಮುಕುವ ಲಿಮಿಟರ್ ಹಾಕಿ ಅಂತಿಮ ಪ್ರತಿಯನ್ನು ಮೈನಸ್ 7, ಮೈನಸ್ 6 ಲಫ್ಸ್‌ವರೆಗೆ ಒತ್ತುತ್ತಾರೆ. ಲಫ್ಸ್ ಎಂದರೆ ಸದ್ದಿನ ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಯೂಟ್ಯೂಬ್ ಮಹಾಶಯ ಏನು ಮಾಡುತ್ತಾನೆ? ಸದ್ದಿಲ್ಲದೆ ಮೈನಸ್ 14ರ ಆಸುಪಾಸಿಗೆ ಇಳಿಸಿಬಿಡುತ್ತಾನೆ. ನಂಬಿಕೆ ಬರದಿದ್ದರೆ ಕಂಪ್ಯೂಟರಿನಲ್ಲಿ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ, 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆಯಿರಿ. ಅಲ್ಲಿ 'ಕಂಟೆಂಟ್ ಲೌಡ್‌ನೆಸ್' (ಯೂಟ್ಯೂಬಿನ ಮಟ್ಟಕ್ಕಿಂತ ಹಾಡು ಎಷ್ಟು ಜೋರು ಎಂಬ ಲೆಕ್ಕ) 6 ಡಿಬಿ, ಅಂದರೆ 6 ಡೆಸಿಬೆಲ್ ಎಂದಿದ್ದರೆ ಪಕ್ಕದಲ್ಲೇ ವಾಲ್ಯೂಮ್ 50% ಎಂದಿರುತ್ತದೆ. ಅಂದರೆ ಕಷ್ಟಪಟ್ಟು ಏರಿಸಿದ ಸದ್ದು ವಾಪಸ್ ಹೋಯಿತು. ಆದರೆ ಏರಿಸುವಾಗ ಚಪ್ಪಟೆಯಾದ ತಬಲಾದ ಪೆಟ್ಟು ವಾಪಸ್ ಬರುವುದಿಲ್ಲ. ಗಾಯಕಿಯ ಟ-ಕಾರ, ಪ-ಕಾರಗಳೂ ಅಷ್ಟೆ. ವ್ಯಂಜನಗಳು ಸ್ಪಷ್ಟವಾಗುವುದು ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಸ್ ಕಂಪನಾಂಕದ ನಡುವೆ. ಸಿಂಥ್ ಎಂಬ ಎಲೆಕ್ಟ್ರಾನಿಕ್ ವಾದ್ಯ, ಚಪ್ಪಾಳೆ, ಸ್ನೇರ್ ಡ್ರಮ್ ಎಲ್ಲವೂ ಅದೇ ಜಾಗಕ್ಕೆ ಟವೆಲ್ ಹಾಕಿ ಕೂತಿರುತ್ತವೆ. ದನಿ ಬಂದಾಗಲಷ್ಟೇ ಸಿಂಥ್‌ನ ಆ ಭಾಗವನ್ನು 2-3 ಡೆಸಿಬೆಲ್ ತಗ್ಗಿಸಿದರೆ ಒತ್ತಕ್ಷರವೂ ಕೇಳೀತು. ದನಿ, ವಾದ್ಯಗಳನ್ನು ಬೆರೆಸಿ ಮಿಕ್ಸಿಂಗ್ ಮಾಡುವವರಿಗೆ ಇದು ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. 'ಸ್ವಲ್ಪ ಮಾಸ್ ಆಗಿರಲಿ ಸಾರ್' ಎನ್ನುವವರು ಹಿಂದಿನ ಸೋಫಾದಲ್ಲಿ ಕೂತಿರುತ್ತಾರೆ.

ಈ ಕಾಯಿಲೆ ಗಾಂಧಿನಗರದ್ದು ಮಾತ್ರ ಅಲ್ಲ ಬಿಡಿ. 2008ರಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಆಲ್ಬಮ್ ಬಂದಾಗ, ದುಡ್ಡು ಕೊಟ್ಟು ತಂದ ಸಿಡಿಗಿಂತ 'ಗಿಟಾರ್ ಹೀರೊ' ಎಂಬ ವಿಡಿಯೊ ಗೇಮಿನೊಳಗಿನ ಅದೇ ಹಾಡುಗಳು ಚೆನ್ನಾಗಿ ಕೇಳುತ್ತವೆಂದು ಅಭಿಮಾನಿಗಳು ಪತ್ತೆಹಚ್ಚಿದ್ದರು. ಗೇಮಿಗೆ ಕಳಿಸಿದ ಟ್ರ್ಯಾಕುಗಳನ್ನು ಯಾರೂ ಅಷ್ಟು ಅಮುಕಿರಲಿಲ್ಲ. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ನನ್ನ ಕೈಗೆ ಬರುವಾಗಲೇ ಹಾಗಿತ್ತು ಎಂದು ಕೈತೊಳೆದುಕೊಂಡರು. ಹೊಸದಾಗಿ ಮಿಕ್ಸ್ ಮಾಡಿಕೊಡಿ ಎಂದು ಅಭಿಮಾನಿಗಳು ಸಹಿ ಸಂಗ್ರಹಿಸಿದರು. ನಮ್ಮಲ್ಲಿ ಅಭಿಮಾನಿಗಳಿಗೆ ಪುರುಸೊತ್ತೆಲ್ಲಿ? ವ್ಯೂಸ್ ಎಣಿಸುತ್ತಿರುತ್ತಾರೆ.

ಎಣಿಕೆ ಅಂದೆ ನೋಡಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಲೆಕ್ಕ. ಅದಕ್ಕೂ ಮುಂಚೆ ಕೇಳುಗ ಜಾರಿದರೆ ಸೊನ್ನೆ. ಹಾಗಾಗಿ ಪಲ್ಲವಿಗೆ ಮುಂಚೆ ಕೊಳಲು ನಿಧಾನ ಬಂದು ಹೋಗುವ ಪದ್ಧತಿಗೆ ಎಳ್ಳುನೀರು ಬಿಟ್ಟಾಯಿತು. ಎರಡನೇ ಚರಣ? ಯಾರಿಗೆ ಬೇಕು ಸ್ವಾಮಿ, ರೀಲ್ಸ್‌ಗೆ ಹುಕ್ ಸ್ಟೆಪ್ ಸಿಕ್ಕಿತಲ್ಲ.

ಇಷ್ಟನ್ನು ನಕ್ಕು ಬಿಡಬಹುದು. ನಗು ಬಾರದ್ದು ಹೆಸರುಗಳ ವಿಷಯ. 2012ರ ಕಾಪಿರೈಟ್ ತಿದ್ದುಪಡಿಯ ನಂತರ ಚಿತ್ರಗೀತೆ ಬರೆದವರ, ಸಂಯೋಜಿಸಿದವರ ರಾಯಲ್ಟಿ ಹಕ್ಕನ್ನು ನಿರ್ಮಾಪಕ ಪೂರ್ತಿ ಬರೆಸಿಕೊಳ್ಳುವಂತಿಲ್ಲ. ಕಾನೂನು ಅಷ್ಟು ಗೌರವ ಕೊಟ್ಟವರನ್ನು ವಿಡಿಯೊದ ಶೀರ್ಷಿಕೆಯಲ್ಲಿ ಹುಡುಕಿ ನೋಡಿ. ನಾಯಕ, ನಾಯಕಿ, ನಿರ್ದೇಶಕ, ನಿರ್ಮಾಪಕ, ಬ್ಯಾನರ್ ಆಗುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಕೆಳಗೆ 'ಮೋರ್' ಒತ್ತಬೇಕು. ಯಾವ ಸಿಮ್‌ಗೆ ಯಾವ ನಂಬರ್ ಒತ್ತಿದರೆ ಕಾಲರ್ ಟ್ಯೂನ್ ಎಂಬ ಪಟ್ಟಿ ದಾಟಬೇಕು, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ ಎಂಬ ಬೇಡಿಕೆ ದಾಟಬೇಕು. ಅಲ್ಲೆಲ್ಲೋ ಕವಿಯ ಹೆಸರು ಸಿಕ್ಕರೆ ಪುಣ್ಯ. ವೀಣೆ ನುಡಿಸಿದವರು ಯಾರು, ಕೋರಸ್ ಹಾಡಿದ ನಾಲ್ಕು ಹೆಣ್ಣುಮಕ್ಕಳು ಯಾರು? ಒಂದು ಸಾಲು ಟೈಪ್ ಮಾಡಲು ಖರ್ಚೇನು? ಕಾಲರ್ ಟ್ಯೂನ್ ನಂಬರುಗಳನ್ನು ಒಂದಂಕಿ ತಪ್ಪದೆ ಹಾಕಿದ ಕೈಯೇ ತಾನೆ ಅದು?