ಸತ್ಯಾಂಶ: ಮುಖಕ್ಕೆ ಗಾಳಿ ಬಡಿದರೆ ನಿದ್ದೆ ಬರಲ್ವಾ?

‘ಬೈಕ್ ಓಡಿಸುವಾಗ ನಿದ್ದೆ ಬರಲ್ಲ. ಕಣ್ಣು ಎಳೆದರೆ ಹೆಲ್ಮೆಟ್ ಗಾಜು ಎತ್ತಿ, ಗಾಳಿ ಬಡಿದರೆ ಸಾಕು’ ಎಂಬ ಮೆಸೇಜ್ ನಿಮಗೂ ಬಂದಿರಬಹುದು.

ಇದು ಅರ್ಧ ಸತ್ಯ. ತಣ್ಣನೆ ಗಾಳಿಗೆ ಎಚ್ಚರವಾದಂತೆ ಅನಿಸುವುದು ನಿಜ. ಆದರೆ ಅದು ಕೆಲವೇ ನಿಮಿಷದ ಮಾತು, ನಿದ್ದೆಯ ಬಾಕಿ ಹಾಗೇ ಇರುತ್ತದೆ. ತೀರಾ ದಣಿದಾಗ ಮಿದುಳು ಕೆಲವು ಸೆಕೆಂಡ್ ಸುಮ್ನೆ ಆಫ್ ಆಗಿಬಿಡುತ್ತದೆ. ಇದಕ್ಕೆ ಮೈಕ್ರೋಸ್ಲೀಪ್ ಅಂತಾರೆ. ಆಗ ಕಣ್ಣು ತೆರೆದೇ ಇರಬಹುದು! ಗಂಟೆಗೆ 80 ಕಿ.ಮೀ. ವೇಗದಲ್ಲಿ ಬೈಕ್ ಸೆಕೆಂಡಿಗೆ ಸುಮಾರು 22 ಮೀಟರ್ ಹೋಗುತ್ತದೆ. 3 ಸೆಕೆಂಡ್ ಅಂದರೆ 66 ಮೀಟರ್, ಸವಾರನಿಲ್ಲದ ಬೈಕಿನ ಹಾಗೆ.

ತಮಾಷೆ ಏನೆಂದರೆ, ದಣಿವು ತರುವುದರಲ್ಲಿ ಗಾಳಿಯದ್ದೂ ಪಾಲಿದೆ. ಅದರ ಹೊಡೆತಕ್ಕೆ ಕುತ್ತಿಗೆ, ಭುಜ ಬಿಗಿಯಾಗುತ್ತವೆ. ಸದ್ದು ತಲೆ ತಿನ್ನುತ್ತದೆ. ಬೆವರು ತಕ್ಷಣ ಆರುವುದರಿಂದ ನೀರು ಕಡಿಮೆಯಾಗಿದ್ದು ಗೊತ್ತೇ ಆಗುವುದಿಲ್ಲ. ಗಾಜು ಎತ್ತಿದರೆ ಧೂಳು, ಹುಳ ನೇರ ಕಣ್ಣಿಗೆ.

ಹಿಂದಿನ ಕೆಲವು ಕಿಲೋಮೀಟರ್ ನೆನಪಾಗುತ್ತಿಲ್ಲ, ಗೇರ್ ತಪ್ಪುತ್ತಿದೆ ಅಂದರೆ ನಿಲ್ಲಿಸುವ ಹೊತ್ತು. ಸುರಕ್ಷಿತ ಜಾಗದಲ್ಲಿ 15-20 ನಿಮಿಷ ಮಲಗಿ. ಕಾಫಿ ಕುಡಿಯುವುದಾದರೆ ಮಲಗುವ ಮುಂಚೆಯೇ ಕುಡಿಯಿರಿ. ಕೆಫೀನ್ ಕೆಲಸ ಶುರು ಮಾಡಲು ಸುಮಾರು 20-30 ನಿಮಿಷ ಬೇಕು, ಏಳುವಷ್ಟರಲ್ಲಿ ಸರಿಹೋಗುತ್ತದೆ. ಎದ್ದ ಕೂಡಲೇ ಹೊರಡಬೇಡಿ, ಸ್ವಲ್ಪ ಓಡಾಡಿ. ನಿದ್ದೆ ಬರದಿದ್ದರೂ ಎರಡು ಗಂಟೆಗೊಮ್ಮೆ ಇಳಿದು ನೀರು ಕುಡಿಯಿರಿ. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಮಾತ್ರ ಈ ಉಪಾಯಗಳನ್ನೂ ಜಾಸ್ತಿ ನಂಬಬೇಡಿ. ಆ ಹೊತ್ತಲ್ಲಿ ದೇಹ ಕೇಳುವುದು ಪೂರ್ತಿ ನಿದ್ದೆಯನ್ನೇ.