ಹೆಳವರನ್ನು ಮರೆತಿರಾ?
ಅಮೆರಿಕದ ಬಾಸ್ಟನ್‌ನವರು 1847ರಿಂದ ವಂಶಾವಳಿಗೆಂದೇ ತ್ರೈಮಾಸಿಕ ತರುತ್ತಿದ್ದಾರೆ, ನಮ್ಮಲ್ಲಿ ಮನೆತನದ ಲೆಕ್ಕ ಬರೆದಿಟ್ಟವರೇ ಇಲ್ಲ ಎಂದು ನಿಮ್ಮ ಲೇಖನದಲ್ಲಿ ಹೇಳಿದ್ದೀರಿ. ಮೊದಲನೆಯದು ಸರಿ, ಎರಡನೆಯದು ಒಪ್ಪೋಕಾಗಲ್ಲ. ಊರೂರು ತಿರುಗಿ ಮನೆತನಗಳ ವಂಶಾವಳಿ ಬರೆದಿಡುವ ಹೆಳವರು ಯಾರು ಹಾಗಾದ್ರೆ ಸಾರ್? ಅರಸೀಕೆರೆ ಕಡೆಯ ನಮ್ಮ ಹಳ್ಳಿಗೆ ಸುಗ್ಗಿ ಮುಗಿದ ಮೇಲೆ ಬರುತ್ತಿದ್ದರು. ಜಗಲಿ ಮೇಲೆ ಕೂತು, ಬಟ್ಟೆ ಸುತ್ತಿದ ದಪ್ಪ ಪುಸ್ತಕ ಬಿಚ್ಚಿ, ಮುತ್ತಾತನ ಅಪ್ಪ ಯಾವ ಊರು ಬಿಟ್ಟು ಬಂದ ಅನ್ನೋದರಿಂದ ಶುರು ಮಾಡುತ್ತಿದ್ದರು. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು, ಎರಡು ಮೊರ ರಾಗಿ ಹಾಕಿಸಿಕೊಂಡು ಹೊರಡುತ್ತಿದ್ದರು. (ನನ್ನ ಹೆಸರು ಬರೆದರು, ಅಕ್ಕನದು ಬಿಟ್ಟರು. ಅವಳಿಗೆ ಇವತ್ತಿಗೂ ಸಿಟ್ಟು.) ಅಚ್ಚು ಹಾಕಿಸಿದವರು ಇಲ್ಲ ಅನ್ನಿ, ಒಪ್ಪುತ್ತೇನೆ. ಹಾಸನದಲ್ಲಿ ಯಾರಾದರೂ ಆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಲು ಹೊರಟರೆ ಹೇಳಿ, ನಾನೂ ಬರುತ್ತೇನೆ.